ಪಿಯಾನೋ ಕಲಿಕೆ, ಮಕ್ಕಳ ಇಂಗ್ಲಿಷ್ ಪಾಠ: ಎರಡರಲ್ಲೂ ಒಂದೇ ಬಗೆಯಲ್ಲಿ ಎಡವುತ್ತಿದ್ದೇನೆ, ಸಲಹೆ ಬೇಕು

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ವಿಷಯಗಳ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕೇಳುತ್ತಿರುವುದಕ್ಕೆ ಕಾರಣ, ಎರಡರಲ್ಲೂ ನಾನು ಮುಗ್ಗರಿಸುತ್ತಿರುವ ಜಾಗ ಒಂದೇ ಇರಬಹುದೆಂಬ ಅನುಮಾನ.

ನನಗೀಗ 38 ವರ್ಷ. ನಾಲ್ಕು ತಿಂಗಳ ಹಿಂದೆ 61 ಕೀಗಳ ಕೀಬೋರ್ಡೊಂದನ್ನು ಕೊಂಡು, ಒಂದು ಪುಸ್ತಕ ಮತ್ತು ಕೆಲವು ವಿಡಿಯೊಗಳ ನೆರವಿನಿಂದ ಪಿಯಾನೋ ಕಲಿಯಲು ತೊಡಗಿದ್ದೇನೆ. ಬಲಗೈಯೊಂದರಿಂದ ಸರಳವಾದ ಧಾಟಿಗಳನ್ನು ನುಡಿಸಬಲ್ಲೆ. ಎಡಗೈಯ ಪಾಠವನ್ನೂ ಪ್ರತ್ಯೇಕವಾಗಿ ನುಡಿಸಬಲ್ಲೆ. ಎರಡನ್ನೂ ಸೇರಿಸಿದೊಡನೆ ಒಂದು ಕೈ ಇನ್ನೊಂದನ್ನು ಅನುಕರಿಸತೊಡಗುತ್ತದೆ. ಪ್ರತಿದಿನವೂ ಮೊದಲಿನಿಂದ ಶುರುಮಾಡುತ್ತೇನೆ. ಮೊದಲ ಎರಡು ಸಾಲುಗಳು ನೀರು ಕುಡಿದಷ್ಟು ಸುಲಭವಾಗಿವೆ, ಮೂರನೆಯ ಸಾಲು ಮಾತ್ರ ನಾಲ್ಕು ವಾರಗಳಿಂದ ಇದ್ದಲ್ಲೇ ಇದೆ. ಸ್ವರಲಿಪಿಯನ್ನು ಓದಲು ಬಾರದೆ ಪ್ರತಿಯೊಂದು ಸ್ವರದ ಕೆಳಗೂ ಪೆನ್ಸಿಲಿನಿಂದ ಅದರ ಹೆಸರಾದ ಇಂಗ್ಲಿಷ್ ಅಕ್ಷರವನ್ನು (ಸಿ, ಡಿ, ಇ ಎಂಬಂತೆ) ಬರೆದುಕೊಳ್ಳುತ್ತೇನೆ. ಬರೆಯದ ಹಾಳೆ ಎದುರಿಗೆ ಬಂದರೆ ಕೈ ಏಳುವುದಿಲ್ಲ.

ಇನ್ನು ಮಕ್ಕಳ ಇಂಗ್ಲಿಷ್. ಮಗಳಿಗೆ 8, ಮಗನಿಗೆ 6 ವರ್ಷ. ಮನೆಯಲ್ಲಿ ನಾವು ಕನ್ನಡವನ್ನೇ ಆಡುತ್ತೇವೆ. ದಿನಕ್ಕೆ ಅರ್ಧ ಗಂಟೆ ನಾನೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಗಳು ಗಟ್ಟಿಯಾಗಿ ಸರಾಗವಾಗಿ ಓದುತ್ತಾಳೆ, ಆದರೆ ಏನು ಓದಿದೆ ಎಂದು ಕೇಳಿದರೆ ಪುಟದ ಮೇಲಿನ ವಾಕ್ಯವನ್ನೇ ಮತ್ತೆ ಓದಿ ತೋರಿಸುತ್ತಾಳೆ. ಸ್ವಂತವಾಗಿ ಒಂದು ವಾಕ್ಯ ಆಡಬೇಕಾದಾಗ ಸುಮ್ಮನಾಗಿಬಿಡುತ್ತಾಳೆ. ಮಗ ‘ಎ’ಯಿಂದ ‘ಝಡ್’ವರೆಗೆ ಒಪ್ಪಿಸುತ್ತಾನಾದರೂ ‘ಸಿ, ಎ, ಟಿ’ ಎಂದು ಬರೆದು ತೋರಿಸಿದರೆ ‘ಸಿಯೇಟಿ’ ಎನ್ನುತ್ತಾನೆ. ಇಬ್ಬರೂ ‘ಬುಕ್ಕು’, ‘ಬಸ್ಸು’, ‘ಯೆಗ್ಗು’ ಎಂದೇ ಉಚ್ಚರಿಸುತ್ತಾರೆ. ತಿದ್ದಿದರೆ ಮುಖ ಸಪ್ಪಗಾಗುತ್ತದೆ.

ನನಗೆ ಪಿಯಾನೋಗೆ ಸಿಗುವುದು ದಿನಕ್ಕೆ ಅರ್ಧ ಗಂಟೆ ಮಾತ್ರ. ಇಷ್ಟರಲ್ಲಿ ಏನು ಮಾಡಬಹುದು? ಮಕ್ಕಳನ್ನೂ ಕೀಬೋರ್ಡಿನ ಮುಂದೆ ಕೂರಿಸಲು ಇದು ಸರಿಯಾದ ವಯಸ್ಸೇ?

ಪಿಯಾನೋ ಶಿಕ್ಷಕಿ

ಪಿಯಾನೋ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ಇಂಗ್ಲಿಷ್ ಬೋಧನೆ ನನ್ನ ಅಳವಿಗೆ ಸೇರಿದ್ದಲ್ಲ.

ನಿಮ್ಮ ಮೂರನೆಯ ಸಾಲು ಕೈಕೊಡುತ್ತಿರುವುದರಲ್ಲಿ ಬೆರಳುಗಳ ದೋಷವೇನೂ ಕಾಣುತ್ತಿಲ್ಲ. ದಿನಕ್ಕೆ ಹತ್ತು ಸಲ ಮೊದಲಿನಿಂದ ಆರಂಭಿಸಿ, ಹತ್ತು ಸಲವೂ ಮೂರನೆಯ ಸಾಲಿನಲ್ಲಿ ತಡವರಿಸಿ ನಿಂತರೆ, ಮೊದಲ ಸಾಲಿಗೆ ಹತ್ತು ಅಭ್ಯಾಸಗಳೂ ಮೂರನೆಯದಕ್ಕೆ ಹತ್ತು ತಪ್ಪುಗಳೂ ಜಮೆಯಾಗುತ್ತವೆ. ಬೆರಳಿಗೆ ಸರಿ ಯಾವುದು, ತಪ್ಪು ಯಾವುದು ಎಂಬ ವಿವೇಕವಿಲ್ಲ. ಯಾವುದನ್ನು ಹೆಚ್ಚು ಸಲ ಮಾಡಿಸಿದ್ದೀರೋ ಅದನ್ನೇ ಅದು ಪಾಠವೆಂದು ಇಟ್ಟುಕೊಳ್ಳುತ್ತದೆ. ಆದ್ದರಿಂದ ನಾಳೆಯಿಂದ ಕೃತಿಯ ಕೊನೆಯ ಎರಡು ಬಾರ್‌ಗಳಿಂದ ಆರಂಭಿಸಿ. ಬಾರ್ ಎಂದರೆ ಎರಡು ಲಂಬ ಗೆರೆಗಳ ನಡುವಿನ ತಾಳದ ಭಾಗ. ಆ ಎರಡು ಸರಿಯಾದ ಮೇಲೆ ಅವುಗಳ ಹಿಂದಿನ ಎರಡನ್ನು ಸೇರಿಸಿಕೊಂಡು ಕೊನೆಯವರೆಗೂ ನುಡಿಸಿ, ಆಮೇಲೆ ಅದಕ್ಕೂ ಹಿಂದಿನ ಎರಡು. ಹೀಗೆ ಹಿಂದಕ್ಕೆ ಬೆಳೆಸುತ್ತ ಬಂದರೆ ನುಡಿಸುವಾಗ ನೀವು ಯಾವಾಗಲೂ ಅಪರಿಚಿತವಾದದ್ದರಿಂದ ಪರಿಚಿತವಾದದ್ದರ ಕಡೆಗೆ ಸಾಗುತ್ತೀರಿ. ಈಗ ಆಗುತ್ತಿರುವುದು ಇದರ ತದ್ವಿರುದ್ಧ.

ಎರಡು ಕೈಗಳನ್ನು ಸೇರಿಸುವ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಕಲಿಕೆಯನ್ನು ಕೈಬಿಡುವುದು ಇಲ್ಲಿಯೇ. ಒಂದೊಂದು ಕೈಯನ್ನು ಬೇರೆಬೇರೆಯಾಗಿ ಪಕ್ಕಾ ಮಾಡಿಕೊಂಡರೆ ಸೇರಿಸುವುದು ತಾನಾಗಿ ಬರುತ್ತದೆಂದು ನಂಬುತ್ತೇವೆ. ಆದರೆ ಸೇರಿಸುವುದು ಬೇರೆಯದೇ ಒಂದು ಕೌಶಲ, ಅದಕ್ಕೆ ಅದರದೇ ಅಭ್ಯಾಸ ಬೇಕು. ಮೊದಲು ಕೀಬೋರ್ಡನ್ನು ಮುಟ್ಟದೆ, ಬಲಗೈಯ ಲಯವನ್ನು ಬಲ ತೊಡೆಯ ಮೇಲೆ, ಎಡಗೈಯ ಲಯವನ್ನು ಎಡ ತೊಡೆಯ ಮೇಲೆ ತಟ್ಟಿ ನೋಡಿ. ಅಲ್ಲಿಯೇ ತಪ್ಪಿದರೆ ಸಮಸ್ಯೆ ಲಯದ್ದು, ಕೀಗಳದ್ದಲ್ಲ ಎಂದು ತಿಳಿಯುತ್ತದೆ. ತಟ್ಟುವುದು ಹದಕ್ಕೆ ಬಂದ ಮೇಲೆ ಬಲಗೈಯನ್ನು ಪೂರ್ತಿಯಾಗಿ ನುಡಿಸುತ್ತ, ಎಡಗೈಯಿಂದ ಪ್ರತಿ ಬಾರ್‌ನ ಮೊದಲ ಸ್ವರವನ್ನು ಮಾತ್ರ ನುಡಿಸಿ. ಅದು ನಿರಾಯಾಸವಾದಾಗ ಮೂರನೆಯ ಎಣಿಕೆಯ ಸ್ವರವನ್ನೂ ಸೇರಿಸಿ, ಬಳಿಕ ಎಲ್ಲವನ್ನೂ. ಎಡಗೈಯಲ್ಲಿ ‘ಸಿ–ಜಿ–ಇ–ಜಿ’ ಎಂಬಂತೆ ಬಿಡಿಸಿ ನುಡಿಸುವ ಸ್ವರಗಳಿದ್ದರೆ, ಆರಂಭದಲ್ಲಿ ಆ ಮೂರು ಕೀಗಳನ್ನು ಒಟ್ಟಿಗೆ ಒಂದೇ ಕಾರ್ಡ್ (ಒಮ್ಮೆಗೇ ನುಡಿಯುವ ಸ್ವರಗಳ ಗುಂಪು) ಆಗಿ ಒತ್ತಿರಿ. ಅಂಗೈಗೆ ಆ ಆಕಾರ ಗುರುತಾದರೆ ಬಿಡಿಸಿ ನುಡಿಸುವಾಗ ಬೆರಳುಗಳು ಹುಡುಕಾಡುವುದಿಲ್ಲ.

ವೇಗದ ಬಗ್ಗೆ ನನ್ನ ನಿಯಮ ಕಠಿಣವಾದದ್ದು: ಮುಂದಿನ ಸ್ವರ ಯಾವುದೆಂದು ಒತ್ತುವ ಮೊದಲೇ ತಿಳಿದಿರದಷ್ಟು ವೇಗ ಅತಿವೇಗ. ಹಾಳೆಯಲ್ಲಿ ನಿಮಿಷಕ್ಕೆ 100 ಎಣಿಕೆ ಎಂದಿದ್ದರೆ ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರವನ್ನು) 50ಕ್ಕೆ ಇಡಿ. ಮೂರು ಸಲ ಸತತವಾಗಿ ಸರಿಬಂದರೆ ಮಾತ್ರ ನಾಲ್ಕೈದು ಅಂಕೆ ಏರಿಸಿ. ತಪ್ಪಿದರೆ ನಾಚಿಕೆಪಡದೆ ಇಳಿಸಿ.

ಸ್ವರಗಳ ಕೆಳಗೆ ಅಕ್ಷರ ಬರೆಯುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಅಕ್ಷರವಿದ್ದಲ್ಲಿ ಕಣ್ಣು ಅದನ್ನೇ ಓದುತ್ತದೆ, ಗೆರೆಗಳನ್ನು ನೋಡುವುದೇ ಇಲ್ಲ. ಅದರ ಬದಲು ಮೂರು ಗುರುತಿನ ಕಂಬಗಳನ್ನು ನೆಟ್ಟುಕೊಳ್ಳಿ. ಐದು ಗೆರೆಗಳ ಗುಂಪಿಗೆ ಸ್ಟಾಫ್ ಎನ್ನುತ್ತಾರೆ, ಅದರ ಆರಂಭದ ಗುರುತಿಗೆ ಕ್ಲೆಫ್: ಮೇಲಿನ ಸ್ಟಾಫಿಗೆ ಟ್ರೆಬಲ್, ಕೆಳಗಿನದಕ್ಕೆ ಬೇಸ್. ಟ್ರೆಬಲ್ ಕ್ಲೆಫ್‌ನ ಸುರುಳಿ ಸುತ್ತಿಕೊಂಡಿರುವ, ಕೆಳಗಿನಿಂದ ಎರಡನೆಯ ಗೆರೆ ‘ಜಿ’. ಬೇಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವೆ ಹಾಯುವ, ಕೆಳಗಿನಿಂದ ನಾಲ್ಕನೆಯ ಗೆರೆ ‘ಎಫ್’. ಇವೆರಡರ ನಡುವೆ, ಎರಡು ಸ್ಟಾಫ್‌ಗಳಿಗೂ ಸೇರದೆ ತನ್ನದೇ ಪುಟ್ಟ ಗೆರೆಯ ಮೇಲೆ ಕೂರುವುದು ‘ಮಿಡಲ್ ಸಿ’. ಅದು 61 ಕೀಗಳ ನಿಮ್ಮ ವಾದ್ಯದಲ್ಲಿ ಸಾಮಾನ್ಯವಾಗಿ ಎಡದಿಂದ 25ನೆಯ ಕೀ, 88 ಕೀಗಳ ಪೂರ್ಣ ಪಿಯಾನೋದಲ್ಲಿ 40ನೆಯದು. ಉಳಿದ ಸ್ವರಗಳನ್ನು ಈ ಮೂರರಿಂದ ಎಷ್ಟು ದೂರ ಎಂದು ಅಳೆಯಿರಿ: ಗೆರೆಯಿಂದ ಪಕ್ಕದ ಎಡೆಗೆ ಹೋದರೆ ಪಕ್ಕದ ಬಿಳಿ ಕೀ, ಗೆರೆಯಿಂದ ಮುಂದಿನ ಗೆರೆಗೆ ಹೋದರೆ ನಡುವೆ ಒಂದು ಬಿಳಿ ಕೀ ಬಿಟ್ಟು ಅದರಾಚೆಯದು. ಓದುವುದೆಂದರೆ ಬಹುಪಾಲು ಈ ಏರಿಳಿತವನ್ನು ಕಾಣುವುದೇ. ಪೆನ್ಸಿಲ್ ಬಳಸಲೇಬೇಕೆಂದಿದ್ದರೆ ಬೆರಳಿನ ಸಂಖ್ಯೆಗಳನ್ನು ಬರೆಯಿರಿ, ಅದೂ ಕೈ ಜಾಗ ಬದಲಿಸುವಲ್ಲಿ ಮಾತ್ರ. ಎರಡೂ ಕೈಗಳಲ್ಲಿ ಹೆಬ್ಬೆರಳು 1, ಕಿರುಬೆರಳು 5. ಬಲಗೈಯ ‘ಸಿ ಮೇಜರ್’ ಸ್ಕೇಲ್ (ಒಂದು ‘ಸಿ’ಯಿಂದ ಮುಂದಿನ ‘ಸಿ’ವರೆಗಿನ ಬಿಳಿ ಕೀಗಳ ಸಾಲು) ಏರುವಾಗ 1-2-3-1-2-3-4-5. ಮೂರನೆಯ ಬೆರಳಿನ ನಂತರ ಹೆಬ್ಬೆರಳು ಅಂಗೈಯ ಅಡಿಯಿಂದ ಹಾದುಬರುತ್ತದೆ. ಒಮ್ಮೆ ನಿಶ್ಚಯಿಸಿದ ಬೆರಳನ್ನು ದಿನಕ್ಕೊಂದು ಬಗೆಯಾಗಿ ಬದಲಿಸಬೇಡಿ.

ಅರ್ಧ ಗಂಟೆ ಕಡಿಮೆಯೇನಲ್ಲ, ಎರಡು ಕಂತುಗಳಾಗಿ ಸಿಕ್ಕರಂತೂ ಇನ್ನೂ ಒಳ್ಳೆಯದು. ವಾರಾಂತ್ಯದ ಮೂರು ಗಂಟೆಗಿಂತ ಪ್ರತಿದಿನದ ಕಾಲು ಗಂಟೆ ಹೆಚ್ಚು ದೂರ ಒಯ್ಯುತ್ತದೆ. ಮೊದಲ ಐದು ನಿಮಿಷ ನಿನ್ನೆ ಕೈಕೊಟ್ಟ ಬಾರ್‌ಗೆ, ಕೊನೆಯ ಐದು ನಿಮಿಷ ಹಿಂದೆಂದೂ ನೋಡಿರದ, ನಿಮ್ಮ ಮಟ್ಟಕ್ಕಿಂತ ಸುಲಭವಾದ ನಾಲ್ಕು ಸಾಲಿನ ಓದಿಗೆ ಮೀಸಲಿರಲಿ. ಆ ಓದಿನಲ್ಲಿ ತಪ್ಪಿದರೂ ನಿಲ್ಲದೆ ಮುಂದೆ ಹೋಗಬೇಕು.

ಮಕ್ಕಳಿಬ್ಬರ ವಯಸ್ಸೂ ಸೂಕ್ತವಾಗಿದೆ. ಪುಸ್ತಕ ಬೇಡ, ಎರಡೆರಡು, ಮೂರುಮೂರು ಎಂದು ಗುಂಪುಗೂಡಿರುವ ಕಪ್ಪು ಕೀಗಳನ್ನು ಹುಡುಕುವ ಆಟದಿಂದ ಶುರುಮಾಡಿ, ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ ಯಾವಾಗಲೂ ‘ಸಿ’ ಎಂದು ತೋರಿಸಿ. ಕೂತಾಗ ಮುಂಗೈ ನೆಲಕ್ಕೆ ಸಮಾನಾಂತರವಾಗಿರುವಷ್ಟು ಆಸನವನ್ನು ಎತ್ತರಿಸಿ, ತೂಗಾಡುವ ಕಾಲುಗಳ ಕೆಳಗೆ ಮಣೆಯನ್ನಿಡಿ. ನಿಮಗಾಗಲಿ ಮಕ್ಕಳಿಗಾಗಲಿ ಮಣಿಕಟ್ಟು ನೋಯತೊಡಗಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು. ನೋವನ್ನು ನುಂಗಿಕೊಂಡು ನುಡಿಸುವುದು ಸಾಧನೆಯಲ್ಲ.

ಇಂಗ್ಲಿಷ್ ಕಲಿಸುವವರು

ಮೇಲಿನ ಉತ್ತರವನ್ನು ಓದುವಾಗ ನನಗೆ ಮೋಜೆನಿಸಿತು: ನಿಮ್ಮ ಮಗ ಮಾಡುತ್ತಿರುವುದೂ ನೀವು ಪಿಯಾನೋ ಹಾಳೆಯಲ್ಲಿ ಮಾಡುತ್ತಿರುವುದೂ ಒಂದೇ. ನಾದಕ್ಕೂ ಗುರುತಿಗೂ ನಡುವೆ ಹೆಸರೊಂದು ಅಡ್ಡ ನಿಂತಿದೆ.

ಕನ್ನಡದಲ್ಲಿ ‘ಕ’ ಎಂಬ ಅಕ್ಷರದ ಹೆಸರೂ ‘ಕ’, ಅದರ ಧ್ವನಿಯೂ ‘ಕ’. ಆದ್ದರಿಂದ ನಮ್ಮ ಮಕ್ಕಳು ಅಕ್ಷರದ ಹೆಸರನ್ನು ಕೂಡಿಸಿದರೆ ಪದ ಬರುತ್ತದೆಂದು ನ್ಯಾಯವಾಗಿಯೇ ನಿರೀಕ್ಷಿಸುತ್ತಾರೆ. ಇಂಗ್ಲಿಷಿನಲ್ಲಿ ‘ಸಿ’ ಎಂಬುದು ಹೆಸರು ಮಾತ್ರ. ಪದದೊಳಗೆ ಅದು ‘ಕ್’ ಆಗಬಹುದು, ‘ಸ್’ ಆಗಬಹುದು. ಇರುವ ಅಕ್ಷರಗಳು 26, ಆಡುವ ಧ್ವನಿಗಳು ಸುಮಾರು 44. ಮಗನಿಗೆ ಸದ್ಯಕ್ಕೆ ಅಕ್ಷರಗಳ ಹೆಸರನ್ನು ಬದಿಗಿಟ್ಟು ಧ್ವನಿಗಳನ್ನು ಮಾತ್ರ ಹೇಳಿಕೊಡಿ. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭಿಸುವ ರೂಢಿ ಬಹಳ ಕಡೆ ಇದೆ. ಇದಕ್ಕೆ ಒಳ್ಳೆಯ ಕಾರಣವಿದೆ: ಈ ಆರರಿಂದಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿಪ್, ಪ್ಯಾನ್ ಎಂದು ಹತ್ತಾರು ಪದಗಳನ್ನು ಕಟ್ಟಬಹುದು, ಮಗು ಮೊದಲ ವಾರದಲ್ಲೇ ಸ್ವತಃ ಓದಿದ ಸುಖವನ್ನು ಕಾಣುತ್ತದೆ.

ಇಲ್ಲಿ ಕನ್ನಡ ಬಲ್ಲ ಮಗುವಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲವೆಂಬುದು ನನ್ನ ಹಳೆಯ ಕೊರಗು. ಧ್ವನಿ ಹೇಳಿಕೊಡುವಾಗ ‘ಟ’ ಎಂದು ಸ್ವರ ಸೇರಿಸಿ ಹೇಳಿದರೆ ‘ಪ-ಇ-ನ’ ಎಂದಾಗುತ್ತದೆಯೇ ಹೊರತು ‘ಪಿನ್’ ಆಗುವುದಿಲ್ಲ. ಸ್ವರ ಸೇರದ ವ್ಯಂಜನವನ್ನು ತೋರಿಸಲು ನಮ್ಮ ಲಿಪಿಯಲ್ಲಿ ‘ಪ್’, ‘ನ್’, ‘ಟ್’ ಎಂಬ ರೂಪಗಳು ಸಿದ್ಧವಾಗಿಯೇ ಇವೆ. ‘ಪ್’ಗೆ ‘ಇ’ ಸೇರಿದರೆ ‘ಪಿ’ ಎಂಬುದು ಕಾಗುಣಿತ ಕಲಿತ ಮಗುವಿಗೆ ಹೊಸ ವಿಷಯವೇ ಅಲ್ಲ. ಧ್ವನಿಗಳನ್ನು ಬೆಸೆಯುವ ಆ ಕೆಲಸವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿಸಿ. ಆರು ವರ್ಷದ ಮಗನಿಗೆ ಕಾಗುಣಿತ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಬಾಯಲ್ಲಿ ಮಾತ್ರ ಆಡಿಸಿದರೂ ಸಾಕು: ‘ಸ್... ಆ್ಯ... ಟ್’ ಎಂದು ನೀವು ಬಿಡಿಸಿ ಹೇಳಿ, ಅವನು ಕೂಡಿಸಿ ಹೇಳಲಿ, ಮತ್ತೆ ಅದಲುಬದಲಾಗಿ. ಉಳಿದಂತೆ ‘ದ’, ‘ವಾಸ್’, ‘ಸೆಡ್’ ಮುಂತಾದ, ಧ್ವನಿಯ ನಿಯಮಕ್ಕೆ ಪೂರ್ತಿ ಬಗ್ಗದ ಆದರೆ ಪುಟಪುಟಕ್ಕೂ ಎದುರಾಗುವ ಪದಗಳನ್ನು ವಾರಕ್ಕೆ ಮೂರು ನಾಲ್ಕರಂತೆ ಇಡಿಯಾಗಿಯೇ ಗುರುತಿಸಲು ಕಲಿಸಬೇಕು.

‘ಬುಕ್ಕು’, ‘ಬಸ್ಸು’ ಎಂಬುದು ಮಕ್ಕಳ ತಪ್ಪಲ್ಲ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ನಾಲಿಗೆ ಆ ಕೊನೆಯ ‘ಉ’ವನ್ನು ತಾನೇ ಜೋಡಿಸಿಕೊಳ್ಳುತ್ತದೆ. ‘ಎಗ್’ ಎನ್ನಲು ಹೋಗಿ ‘ಯೆಗ್’ ಎನ್ನುವುದೂ ಹಾಗೆಯೇ: ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎಂದು ಆಡುವವರ ಬಾಯಿ ಅದು. ‘ಉ ಬಿಡು’ ಎಂದು ಗದರಿದರೆ ಮಗು ಪದದ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲುತ್ತದೆ. ಅದರ ಬದಲು ಮುಂದೆ ಸ್ವರದಿಂದ ಶುರುವಾಗುವ ಪದವನ್ನಿಟ್ಟು ಸೇರಿಸಿ ಆಡಿಸಿ: ‘ಬುಕ್ ಆನ್ ಇಟ್’ ಎಂಬುದನ್ನು ಒಂದೇ ಉಸಿರಿನಲ್ಲಿ ‘ಬುಕಾನಿಟ್’ ಎಂಬಂತೆ. ಸ್ವರ ಬೇಕೆನ್ನುವ ನಾಲಿಗೆಗೆ ಮುಂದಿನ ಪದದ ಸ್ವರವೇ ಸಿಕ್ಕಿಬಿಡುವುದರಿಂದ ‘ಉ’ಗೆ ಜಾಗ ಉಳಿಯುವುದಿಲ್ಲ. ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯು’ ಎರಡೂ ನಮಗೆ ‘ವ’ ಆಗಿಯೇ ಕೇಳಿಸುತ್ತವೆ. ಕನ್ನಡಿಯ ಮುಂದೆ ನಿಲ್ಲಿಸಿ, ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ತಾಗಬೇಕು, ಎರಡನೆಯದಕ್ಕೆ ತುಟಿಗಳು ದುಂಡಗಾಗಬೇಕು ಎಂದು ತೋರಿಸಿದರೆ ಮಕ್ಕಳು ನಗುತ್ತಲೇ ಕಲಿಯುತ್ತಾರೆ.

ನಿಮ್ಮ ಮಗಳ ಸಮಸ್ಯೆ ಬೇರೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರ. ಅವಳು ಧ್ವನಿ ಮಾಡುತ್ತಿದ್ದಾಳೆ, ಓದುತ್ತಿಲ್ಲ. ಪುಸ್ತಕ ಕಷ್ಟದ್ದಾಗಿರಬಹುದು. ಒಂದು ಪುಟ ಓದುವಾಗ ತಿಳಿಯದ ಪದಕ್ಕೊಂದು ಬೆರಳು ಮಡಿಸಲು ಹೇಳಿ. ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ಆರು ತಿಂಗಳು ಅಟ್ಟಕ್ಕೆ ಹಾಕಿ. ಸುಲಭದ ಪುಸ್ತಕವೆಂದರೆ ಅವಮಾನವಲ್ಲ. ಮೊದಲು ಚಿತ್ರಗಳನ್ನಷ್ಟೇ ನೋಡಿ ಏನಾಗುತ್ತಿದೆಯೆಂದು ಕನ್ನಡದಲ್ಲೇ ಮಾತಾಡಿಕೊಳ್ಳಿ, ಆಮೇಲೆ ಓದಲಿ, ಓದಿದ ಮೇಲೆ ಪುಸ್ತಕ ಮುಚ್ಚಿಸಿ ಕನ್ನಡದಲ್ಲೇ ಕಥೆ ಹೇಳಿಸಿ. ಅರ್ಥವಾಗಿದೆಯೇ ಎಂಬುದನ್ನು ಪರೀಕ್ಷಿಸಲು ಕನ್ನಡವೇ ನೇರವಾದ ದಾರಿ. ಇಂಗ್ಲಿಷ್ ಪಾಠದಲ್ಲಿ ಮನೆಮಾತು ಕೇಳಿಸಬಾರದೆಂಬ ನಿಷ್ಠುರತೆಯನ್ನು ನಾನು ಒಪ್ಪುವವನಲ್ಲ.

ಮಾತಿಗೆ ಬಂದರೆ, ಸುಮ್ಮನಿರುವ ಮಗು ಕಲಿಯುತ್ತಿಲ್ಲವೆಂದು ತಿಳಿಯಬೇಡಿ. ಹೊಸ ಭಾಷೆಯನ್ನು ಎದುರಿಸುವ ಅನೇಕ ಮಕ್ಕಳು ಕೆಲವು ಕಾಲ ಕೇಳುತ್ತ ಮಾತ್ರ ಇರುತ್ತಾರೆ. ಆ ಅವಧಿಯಲ್ಲಿ ಮೈಯಿಂದ ಉತ್ತರಿಸುವ ಆಟಗಳನ್ನು ಆಡಿಸಿ. ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಬೆಳೆಸಿದ ವಿಧಾನವಿದು. ‘ಸ್ಟ್ಯಾಂಡ್ ಅಪ್’, ‘ಟಚ್ ದ ಡೋರ್’, ‘ಪುಟ್ ದ ಬುಕ್ ಅಂಡರ್ ದ ಚೇರ್’ ಎಂದು ನೀವು ಹೇಳಿ, ಅವರು ಮಾಡಲಿ. ಕೆಲವು ದಿನಗಳ ನಂತರ ಅವಳೇ ತಮ್ಮನಿಗೆ ಆಜ್ಞೆ ಕೊಡಲಿ. ಅಪ್ಪನಿಗೆ ಕೊಡುವುದು ಇನ್ನೂ ಖುಷಿಯ ಸಂಗತಿ. ಪ್ರಶ್ನೆ ಕೇಳುವಾಗ ‘ಇದೇನು’ ಎಂದು ಬಯಲಿಗೆ ಬಿಡದೆ, ‘ಕೆಂಪೋ ನೀಲಿಯೋ’ ಎಂಬ ರೀತಿಯಲ್ಲಿ ಉತ್ತರ ಪ್ರಶ್ನೆಯೊಳಗೇ ಇರುವಂತೆ ಇಂಗ್ಲಿಷಿನಲ್ಲಿ ಕೇಳಿ. ಅವಳು ‘ಹೀ ಗೋ ಸ್ಕೂಲ್’ ಎಂದರೆ ತಪ್ಪೆನ್ನದೆ, ‘ಯೆಸ್, ಹೀ ಗೋಸ್ ಟು ಸ್ಕೂಲ್’ ಎಂದು ಸಂಭಾಷಣೆಯ ಭಾಗವಾಗಿಯೇ ಸರಿಯಾದ ರೂಪವನ್ನು ಕಿವಿಗೆ ಹಾಕಿ ಮುಂದೆ ಸಾಗಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅವರಲ್ಲಿ ನಡುವೆ; ಈ ಅಡ್ಡಾದಿಡ್ಡಿ ಕೆಲವು ತಿಂಗಳಲ್ಲಿ ಕೇಳಿ ಕೇಳಿಯೇ ಸರಿಹೋಗುತ್ತದೆ.

ದೊಡ್ಡವನಾದ ಮೇಲೆ ಪಿಯಾನೋ ಕಲಿತವನು

ಎರಡು ಉತ್ತರಗಳೂ ಚೆನ್ನಾಗಿವೆ, ಆದರೆ ಎರಡು ತಕರಾರುಗಳಿವೆ.

ಮೆಟ್ರೊನೋಮನ್ನು 50ಕ್ಕೆ ಇಟ್ಟು ನುಡಿಸಿ ಎಂಬ ಸಲಹೆ ನನಗೆ ಮೊದಲ ವರ್ಷದಲ್ಲಿ ಉಪಕಾರಕ್ಕಿಂತ ಹೆಚ್ಚು ಉಪದ್ರವವನ್ನೇ ಮಾಡಿತು. ಸ್ವರವನ್ನು ಹುಡುಕುವ ಹಂತದಲ್ಲಿ ಟಿಕ್ ಟಿಕ್ ಸದ್ದು ಸಾಲ ಕೊಟ್ಟವನಂತೆ ಬೆನ್ನಟ್ಟುತ್ತದೆ. ಮೊದಲು ತಾಳವಿಲ್ಲದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಬೇಕಾದಷ್ಟು ಸಮಯ ತೆಗೆದುಕೊಂಡು ತಪ್ಪಿಲ್ಲದೆ ದಾಟಿ. ಕೈ ಹಾದಿ ಕಂಡುಕೊಂಡ ಮೇಲೆ ಬಾಯಲ್ಲಿ ಎಣಿಸಿ. ಯಂತ್ರ ಅದಕ್ಕೂ ಆಮೇಲೆ. ನಿಮ್ಮನ್ನು ನೀವೇ ವಾರಕ್ಕೊಮ್ಮೆ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನುಡಿಸುವಾಗ ಕಿವಿಗೆ ಬೀಳದ ತೊದಲು ಆ ಧ್ವನಿಮುದ್ರಣದಲ್ಲಿ ನಿಷ್ಕರುಣೆಯಿಂದ ಕೇಳಿಸುತ್ತದೆ.

ಇನ್ನೊಂದು, ಕೀಬೋರ್ಡನ್ನು ಇಂಗ್ಲಿಷ್ ಪಾಠಕ್ಕೂ ಎಳೆದು ತನ್ನಿ. ಕನ್ನಡದಲ್ಲಿ ಅಕ್ಷರಗಳಿಗೆ ಹೆಚ್ಚುಕಡಿಮೆ ಸಮನಾದ ಒತ್ತು ಬೀಳುತ್ತದೆ; ಇಂಗ್ಲಿಷಿನಲ್ಲಿ ಒಂದು ಭಾಗ ಉಬ್ಬಿ ಉಳಿದವು ಕುಗ್ಗುತ್ತವೆ. ‘ಟುಮಾರೋ’ ಎಂಬುದರಲ್ಲಿ ನಡುವಿನದ್ದು, ‘ಕಂಪ್ಯೂಟರ್’ ಎಂಬುದರಲ್ಲೂ ನಡುವಿನದ್ದು, ‘ಎಲಿಫೆಂಟ್’ ಎಂಬುದರಲ್ಲಿ ಮೊದಲನೆಯದು. ಇದನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ. ಒಂದೇ ಕೀಯನ್ನು ಮೆಲ್ಲಗೆ, ಗಟ್ಟಿಯಾಗಿ, ಮೆಲ್ಲಗೆ ಒತ್ತಿ, ಇದು ಯಾವ ಪದ ಎಂದು ಊಹಿಸಲು ಬಿಡಿ. ಕೆಲವು ಅಗ್ಗದ ಕೀಬೋರ್ಡ್‌ಗಳಲ್ಲಿ ಹೇಗೆ ಒತ್ತಿದರೂ ಒಂದೇ ಸದ್ದು ಬರುತ್ತದೆ. ನಿಮ್ಮದೂ ಹಾಗಿದ್ದರೆ ಗಟ್ಟಿ–ಮೆಲ್ಲಗೆ ಬದಲು ದೀರ್ಘ–ಹ್ರಸ್ವ ಮಾಡಿ. ಅಂದಹಾಗೆ, ಆ ವಾದ್ಯದಲ್ಲಿ ಒಂದು ವರ್ಷ ಕಲಿಯಬಹುದು, ಅದಕ್ಕಿಂತ ಹೆಚ್ಚು ಬೇಡ. ಮುಂದೆ ಬದಲಿಸುವಾಗ 88 ಕೀಗಳಿವೆಯೇ ಎಂಬುದಕ್ಕಿಂತ ಕೀಗಳಿಗೆ ಪಿಯಾನೋದ ಸುತ್ತಿಗೆಯಂಥ ಭಾರವಿದೆಯೇ ಎಂದು ಮೊದಲು ನೋಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಮೂರು ವಾರ ಪ್ರಯತ್ನಿಸಿ ಬರೆಯುತ್ತಿದ್ದೇನೆ. ಕೊನೆಯಿಂದ ಆರಂಭಿಸಿದ್ದರಿಂದ ಮೂರನೆಯ ಸಾಲು ಈಗ ಕೃತಿಯಲ್ಲೇ ಹೆಚ್ಚು ಸಲೀಸಾದ ಸಾಲಾಗಿದೆ. ತಮಾಷೆಯೆಂದರೆ ಈಗ ಮೊದಲ ಸಾಲಿನಲ್ಲಿ ಎಡಗೈ ತಪ್ಪುತ್ತಿದೆ, ಅದನ್ನು ನಾನೆಂದೂ ನಿಜವಾಗಿ ಕಲಿತೇ ಇರಲಿಲ್ಲವೆಂದು ತೋರುತ್ತದೆ. ತೊಡೆ ತಟ್ಟುವ ಪರೀಕ್ಷೆಯಲ್ಲಿ ಸೋತೆ, ಆದ್ದರಿಂದ ಸದ್ಯಕ್ಕೆ ಮೆಟ್ರೊನೋಮ್ ಪೆಟ್ಟಿಗೆಯೊಳಗಿದೆ.

ಮಗ ‘ಪಿನ್’, ‘ಟ್ಯಾಪ್’ ಓದುತ್ತಾನೆ. ಕೀ ಒತ್ತಿ ಪದ ಊಹಿಸುವ ಆಟ ಅತಿಯಾಗಿ ಹಿಡಿಸಿದೆ. ಮಗಳು ಆಜ್ಞೆ ಕೊಡುತ್ತಾಳೆ, ಆದರೆ ನಾನು ಹೇಳಿಕೊಟ್ಟ ಆಜ್ಞೆಗಳನ್ನೇ, ಹೊಸದನ್ನು ಕಟ್ಟುತ್ತಿಲ್ಲ. ಇಲ್ಲಿಂದ ಮುಂದಕ್ಕೆ ಹೇಗೆ?

ಇಂಗ್ಲಿಷ್ ಕಲಿಸುವವರು

ಹೇಳಿಕೊಟ್ಟ ವಾಕ್ಯದಲ್ಲಿ ಒಂದೇ ಒಂದು ಪದವನ್ನು ಬದಲಿಸುವ ಅಧಿಕಾರವನ್ನು ಅವಳಿಗೆ ಕೊಡಿ. ‘ಪುಟ್ ದ ಬುಕ್ ಅಂಡರ್ ದ ಚೇರ್’ ಎಂಬುದನ್ನು ಚೀಟಿಗಳಲ್ಲಿ ಬಿಡಿಬಿಡಿಯಾಗಿ ಬರೆದು ನೆಲದ ಮೇಲೆ ಸಾಲಾಗಿ ಇಡಿ. ‘ಬುಕ್’ ಇರುವ ಚೀಟಿಯನ್ನು ತೆಗೆದು ಆ ಜಾಗವನ್ನು ಖಾಲಿ ಬಿಡಿ. ಅಲ್ಲಿ ಅವಳು ಏನನ್ನಾದರೂ ಇಡಬಹುದು, ಅಸಂಬದ್ಧವಾದದ್ದಾದರೂ ಸರಿ. ತಮ್ಮನನ್ನೇ ಕುರ್ಚಿಯ ಕೆಳಗಿಡುತ್ತಾಳೆಂದು ನನ್ನ ಊಹೆ. ಒಂದು ವಾರದ ನಂತರ ‘ಅಂಡರ್’ ಚೀಟಿಯನ್ನೂ ತೆಗೆಯಿರಿ, ಮತ್ತೊಂದು ವಾರಕ್ಕೆ ‘ಪುಟ್’. ಮೂರೂ ಜಾಗ ಖಾಲಿಯಾದ ದಿನ ಅವಳು ಆಡುವ ವಾಕ್ಯ ಅವಳದೇ ಆಗಿರುತ್ತದೆ. ಅದು ತಪ್ಪಾಗಿದ್ದರೂ ಆ ದಿನ ತಿದ್ದಬೇಡಿ.

ಪಿಯಾನೋ ಶಿಕ್ಷಕಿ

ಮೆಟ್ರೊನೋಮ್ ಪೆಟ್ಟಿಗೆಯಲ್ಲಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಹುಡುಕಾಟದ ಹಂತದ ಬಗ್ಗೆ ಮೇಲಿನವರು ಹೇಳಿದ್ದು ಸರಿ, ನಾನು ಅದನ್ನು ಬಿಟ್ಟು ಮುಂದಿನ ಹಂತದಿಂದ ಆರಂಭಿಸಿಬಿಟ್ಟೆ. ಮೊದಲ ಸಾಲಿನ ಎಡಗೈಯನ್ನು ಈಗ ಹೊಸ ಪಾಠವೆಂದೇ ತಿಳಿದು, ಎರಡು ಬಾರ್‌ಗಳಿಂದ ಕಲಿಯಿರಿ. ಬಲಗೈಯ ಧಾಟಿಯನ್ನು ನುಡಿಸುವ ಬದಲು ಬಾಯಲ್ಲಿ ಗುನುಗಿಕೊಳ್ಳಿ. ಗುನುಗುತ್ತ ಎಡಗೈ ನುಡಿಸಲು ಬಂದ ದಿನ ಬಲಗೈಯನ್ನು ಕೀಗಳ ಮೇಲೆ ಇಟ್ಟರೆ ಸಾಕು.